ತೀನಂಶ್ರೀ ಕೃತಿಗಳ ಇ-ಪುಸ್ತಕ: ರೂಪದ ಆಯ್ಕೆ

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ ಜನಿಸಿದ ತೀ.ನಂ. ಶ್ರೀಕಂಠಯ್ಯನವರ (1906–1966) ‘ಭಾರತೀಯ ಕಾವ್ಯಮೀಮಾಂಸೆ’ ಮೊದಲಾದ ಕೃತಿಗಳ ಹಕ್ಕುಸ್ವಾಮ್ಯ, ಮರಣಾನಂತರದ 60 ವರ್ಷಗಳ ನಿಯಮದಂತೆ, 2026ರ ಅಂತ್ಯದವರೆಗೆ. ಆದ್ದರಿಂದ ಅವುಗಳ ಇ-ಪುಸ್ತಕ ಯಾವ ರೂಪದಲ್ಲಿರಬೇಕೆಂಬುದು ಗ್ರಂಥಸಂಪಾದನೆಯ ಪ್ರಶ್ನೆಯೂ ಹೌದು.

ಪಿಡಿಎಫ್ ಪುಟವನ್ನು ಸ್ಥಿರವಾಗಿರಿಸುವುದರಿಂದ ಉಲ್ಲೇಖಕ್ಕೆ ಅನುಕೂಲ. ಆದರೆ ತಿಪಟೂರಿನ ವಿದ್ಯಾರ್ಥಿಯ ಮೊಬೈಲಿನಲ್ಲಿ ಓದು ಪ್ರಯಾಸಕರ. ಇಪಬ್ ಪರದೆಗೆ ತಕ್ಕಂತೆ ಸಾಲುಗಳನ್ನು ಹೊಂದಿಸುತ್ತದೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟಂಕಿಸಿದ ಪಠ್ಯವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸದಿದ್ದರೆ ಅಲ್ಲಿ ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳು ಮೂಡುತ್ತವೆ. ಆ ಫಾಂಟುಗಳಲ್ಲಿ ಅರ್ಕಾವೊತ್ತು ವ್ಯಂಜನದ ಅನಂತರ ಬರುತ್ತದೆ. ಯೂನಿಕೋಡ್‌ನಲ್ಲಿ ರಕಾರವೇ ಮೊದಲು. ಈ ಕ್ರಮಪಲ್ಲಟ ತಪ್ಪಿದರೆ ‘ಕಾವ್ಯಾರ್ಥ’ದಂತಹ ಪರಿಭಾಷೆಯೇ ಕೆಡುತ್ತದೆ.

ಆದುದರಿಂದ ಯೂನಿಕೋಡ್ ಪಠ್ಯದ ಕರಡು ತಿದ್ದಿ, ಮುದ್ರಿತ ಆವೃತ್ತಿಯ ಪುಟಸಂಖ್ಯೆಗಳನ್ನು ಅಳವಡಿಸಿದ ಇಪಬ್ ಅನ್ನೇ ಮೂಲಪ್ರತಿಯಾಗಿರಿಸಿ, ಪಿಡಿಎಫ್ ಅನ್ನು ಅದರಿಂದ ಪಡೆಯುವುದು ಉಚಿತ.