ಬೇಲೂರು ತೇರಿಗೆ ಹೊರಟವರಿಗೆ ಕಿವಿಮಾತು

ರಾಮನವಮಿಯ ಪಾನಕ ಕುಡಿದು ನಾಲ್ಕು ದಿನ ಕಳೆಯುವಷ್ಟರಲ್ಲಿ ಬೇಲೂರು ಚೆನ್ನಕೇಶವನ ತೇರು ಬಂದೇಬಿಡುತ್ತದೆ. ನಮ್ಮ ಹಾರನಹಳ್ಳಿ ಕಡೆಯಿಂದಲೂ ಮಕ್ಕಳುಮರಿ ಕಟ್ಟಿಕೊಂಡು ಹೊರಡುತ್ತೀರಿ. ಹೊರಡುವ ಗಡಿಬಿಡಿಯಲ್ಲಿ ಬೇಕಾದ್ದನ್ನೇ ಮರೆಯುತ್ತೀರಿ. ಅದಕ್ಕೇ ಹೇಳುತ್ತಿದ್ದೇನೆ, ಕೇಳಿ.

• ಹೊಟ್ಟೆ ತುಂಬ ತಿಂದು ಹೊರಡಿ. ಹಸಿದು ಜಾತ್ರೆಗೆ ಕಾಲಿಟ್ಟರೆ ಮೊದಲು ಕಂಡ ಅಂಗಡಿಯಲ್ಲೇ ದುಡ್ಡು ಖಾಲಿ. ಬುತ್ತಿಗೆ ಪುಳಿಯೋಗರೆ ಕಟ್ಟಿಕೊಳ್ಳಿ. ಮೊಸರನ್ನ ಬೇಡ, ಚೈತ್ರದ ಬಿಸಿಲಿಗೆ ಮಧ್ಯಾಹ್ನದೊಳಗೆ ಹುಳಿ ಬರುತ್ತದೆ.

• ಹಣ್ಣುಕಾಯಿ ಮನೆಯಿಂದಲೇ ಒಯ್ಯಿರಿ. ಅರಸೀಕೆರೆ ಸೀಮೆಯವರು, ಹಿತ್ತಲ ತುಂಬ ತೆಂಗು ಇಟ್ಟುಕೊಂಡು ಗುಡಿ ಮುಂದೆ ಹೆಚ್ಚು ದುಡ್ಡು ಕೊಟ್ಟು ಕಾಯಿ ಕೊಳ್ಳುವುದು ನನಗಂತೂ ಸರಿಬರುವುದಿಲ್ಲ. ಜುಟ್ಟಿರುವ ಕಾಯಿ ಆರಿಸಿ, ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ. ನೀರಿನ ಸದ್ದಿಲ್ಲದಿದ್ದರೆ ಅದನ್ನು ಕೊಬ್ಬರಿಗೆ ಬಿಡಿ.

• ಯಾವ ದಿನಕ್ಕೆ ಹೋಗುತ್ತೀರಿ ಅಂತ ಮೊದಲೇ ಗೊತ್ತುಮಾಡಿಕೊಳ್ಳಿ. ಮೊದಲ ದಿನ ಗಳಿಗೆ ತೇರು, ಮರುದಿನ ನಾಡತೇರು. ಗಳಿಗೆ ತೇರಿಗಾದರೆ ಬೆಳಿಗ್ಗೆ ಬೇಗ ಹೋಗಿ. ತೇರು ಹೊರಡುವ ಮುಂಚೆ ದೊಡ್ಡಮೇದೂರಿನ ಖಾಜಿಯವರು ಕುರಾನ್ ಪಠಿಸುವ ವಾಡಿಕೆ ಇದೆ. ಹಿರಿಯರು ನಡೆಸಿಕೊಂಡು ಬಂದದ್ದು, ಕೈಕಟ್ಟಿ ನಿಂತು ಕೇಳಿ. ಆ ಹೊತ್ತಿನಲ್ಲಾದರೂ ಫೋನನ್ನು ಚೀಲದೊಳಗೆ ಇಡಿ.

• ತೇರಿಗೆ ಎಸೆಯುವ ಬಾಳೆಹಣ್ಣು ಚಿಕ್ಕದಿರಲಿ, ಮಾಗಿರಲಿ. ದವನದ ಎಸಳನ್ನು ಹಣ್ಣಿಗೆ ಸಿಕ್ಕಿಸಿ, ಕಳಶ ನೋಡಿಕೊಂಡು ಎಸೆಯಿರಿ. ಗಟ್ಟಿ ಕಾಯಿ ಎಸೆದರೆ ಕೆಳಗೆ ನಿಂತವರ ತಲೆ ಒಡೆಯುತ್ತದೆ. ಆಮೇಲೆ ದಾರಿಯೆಲ್ಲ ಹಣ್ಣು ಅರೆದುಹೋಗಿ ಜಾರುತ್ತದೆ, ವಯಸ್ಸಾದವರ ಕೈ ಹಿಡಿದುಕೊಂಡೇ ನಡೆಸಿ.

• ಹಗ್ಗಕ್ಕೆ ಕೈ ಹಚ್ಚುವ ಆಸೆ ಇದ್ದರೆ ಹಚ್ಚಿ, ಮನಸ್ಸಿಗೆ ತೃಪ್ತಿಯಾಗುತ್ತದೆ. ಗಾಲಿಯ ಹತ್ತಿರ ಮಾತ್ರ ಯಾರೂ ಹೋಗಬೇಡಿ. ಗಾಲಿಗೆ ಮರದ ತುಂಡು ಕೊಟ್ಟು ತೇರು ತಿರುಗಿಸುವವರಿಗೆ ಅದರ ವರಸೆ ಗೊತ್ತು, ನಿಮಗೆ ಗೊತ್ತಿಲ್ಲ.

• ಮಕ್ಕಳ ಜೇಬಿನಲ್ಲಿ ಫೋನ್ ನಂಬರ್ ಬರೆದ ಚೀಟಿ ಇಡಿ. ಗಾಬರಿಯಾದ ಮಗುವಿಗೆ ಅಪ್ಪನ ಹೆಸರೂ ಬಾಯಿಗೆ ಬರುವುದಿಲ್ಲ. ತಪ್ಪಿಸಿಕೊಂಡರೆ ಇಲ್ಲೇ ಬಂದು ನಿಲ್ಲು ಅಂತ ರಾಜಗೋಪುರದ ಬಾಗಿಲು ತೋರಿಸಿಬಿಡಿ. ಬಂಗಾರದ ಸರ ಮನೆಯಲ್ಲಿರಲಿ, ಕರಿಮಣಿ ಸಾಕು.

• ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಲ್ಲ, ಹತ್ತಿಯ ಕಾಲುಚೀಲ ಒಂದು ಜೊತೆ ಇಟ್ಟುಕೊಳ್ಳಿ. ಹನ್ನೆರಡು ಗಂಟೆಗೆ ಅಂಗಳದ ಚಪ್ಪಡಿ ಕಾದ ಹೆಂಚೇ ಸರಿ. ಮಕ್ಕಳಿಗೆ ಮೊದಲು ಹಾಕಿ, ಅವು ಹೇಳದೆ ಕುಣಿಯುತ್ತಿರುತ್ತವೆ.

• ಗೋಡೆಯ ಶಿಲ್ಪಕ್ಕೆ ಒರಗಬೇಡಿ, ಕುಂಕುಮ ಹಚ್ಚಬೇಡಿ, ಬಜ್ಜಿ ತಿಂದ ಕೈ ತಾಗಿಸಬೇಡಿ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಗುಡಿ, ಬಳಪದ ಕಲ್ಲು. ಅಷ್ಟು ನವುರಾದ ಕಲ್ಲಾದ್ದರಿಂದಲೇ ಮದನಿಕೆಯರ ಬಳೆಯ ಗೆರೆಯನ್ನೂ ಕೆತ್ತಲಿಕ್ಕಾಯಿತು. ನಮ್ಮೂರಿನ ಸೋಮೇಶ್ವರ, ಲಕ್ಷ್ಮೀನರಸಿಂಹ ಗುಡಿಗಳಿಗೂ ಇದೇ ಮಾತು. ಮನೆಗೆ ಬಂದ ನೆಂಟರನ್ನು ತೇರಿನ ಮುಂಚಿನ ದಿನ ಅಲ್ಲಿಗೆ ಕರೆದೊಯ್ಯಿರಿ, ನೂಕುನುಗ್ಗಲಿಲ್ಲದೆ ನಿಧಾನವಾಗಿ ನೋಡಬಹುದು.

• ಇನ್ನು ತಿನ್ನುವ ವಿಷಯ. ತಿನ್ನಬೇಡಿ ಅಂತ ನಾನು ಹೇಳುವುದಿಲ್ಲ, ತಿನ್ನದೆ ಬಂದರೆ ಅದೆಂಥ ಜಾತ್ರೆ! ಮೆಣಸಿನಕಾಯಿ ಬಜ್ಜಿಗೆ ನಿಲ್ಲುವ ಮುಂಚೆ ಬಾಣಲೆಗೆ ಕಣ್ಣು ಹಾಕಿ. ಎಣ್ಣೆ ಕಪ್ಪಾಗಿ ನೊರೆ ಏಳುತ್ತಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ. ನಿಮ್ಮ ಕಣ್ಣೆದುರೇ ಎಣ್ಣೆಗೆ ಬಿಟ್ಟದ್ದನ್ನು ಬಿಸಿಬಿಸಿ ತೆಗೆದುಕೊಳ್ಳಿ, ರಾಶಿ ಹಾಕಿದ್ದು ಮೆತ್ತಗಾಗಿ ಎಣ್ಣೆ ಕುಡಿದಿರುತ್ತದೆ. ಕಬ್ಬಿನಹಾಲು ಐಸ್ ಹಾಕಿಸದೆ ಕುಡಿಯಿರಿ, ಐಸ್ ಯಾವ ನೀರಿನದೋ ಯಾರಿಗೆ ಗೊತ್ತು. ಹೆಚ್ಚಿಟ್ಟ ಕಲ್ಲಂಗಡಿ ಬೇಡ, ನೊಣ ನಿಮಗಿಂತ ಮೊದಲೇ ರುಚಿ ನೋಡಿರುತ್ತದೆ. ಅರವಟ್ಟಿಗೆಯಲ್ಲಿ ಮಜ್ಜಿಗೆ, ಪಾನಕ ಕೊಟ್ಟರೆ ಸಂಕೋಚವಿಲ್ಲದೆ ತೆಗೆದುಕೊಳ್ಳಿ. ಆದರೆ ಸ್ಟೀಲ್ ಲೋಟ ಮನೆಯಿಂದ ಒಯ್ಯಿರಿ. ಕುಡಿದ ಪ್ಲಾಸ್ಟಿಕ್ ಲೋಟ ತೇರಿನ ದಾರಿಯಲ್ಲಿ ಬಿಸಾಡಿದರೆ ನೋಡಲಿಕ್ಕೇ ಸಂಕಟ.

• ಹತ್ತರ, ಇಪ್ಪತ್ತರ ನೋಟು ಜೋಡಿಸಿಟ್ಟುಕೊಳ್ಳಿ. ಐನೂರರ ನೋಟು ತೆಗೆದರೆ ಚಿಲ್ಲರೆಗಾಗಿ ಬೇಡದ್ದನ್ನೂ ಕೊಳ್ಳುತ್ತೀರಿ. ಬಲೂನು ಮಾರುವ ಹುಡುಗನ ಹತ್ತಿರ ಐದು ರೂಪಾಯಿಗೆ ಚೌಕಾಸಿ ಮಾಡಬೇಡಿ, ಅವನ ವ್ಯಾಪಾರ ಎರಡೇ ದಿನದ್ದು. ಉಳಿಸಬೇಕೆಂದಿದ್ದರೆ ನೀರಿನ ಬಾಟಲಿಯಲ್ಲಿ ಉಳಿಸಿ, ಮನೆಯಿಂದ ತುಂಬಿಕೊಂಡು ಹೋಗಿ.

• ಬಳೆ ಅಲ್ಲೇ ತೊಡಿಸಿಕೊಳ್ಳಿ. ಕಟ್ಟಿಸಿಕೊಂಡು ಬಂದ ಗಾಜಿನ ಬಳೆ ಬಸ್ಸಿನ ನೂಕಾಟದಲ್ಲಿ ಅರ್ಧ ಚೂರಾಗಿರುತ್ತದೆ.

• ಹಳೇಬೀಡು ಹದಿನಾರೇ ಕಿಲೋಮೀಟರ್, ಅದನ್ನೂ ಮುಗಿಸಿಬಿಡೋಣ ಅನ್ನಬೇಡಿ. ಆ ಗುಡಿಯ ಗೋಡೆಗೇ ಒಂದು ದಿನ ಬೇಕು. ಬಿಸಿಲಲ್ಲಿ ಬಳಲಿದ ಕಣ್ಣಿಗೆ ಏನೂ ಕಾಣುವುದಿಲ್ಲ, ಇನ್ನೊಮ್ಮೆ ಹೋಗಿ.

• ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಅಂತ ಬೆಳಿಗ್ಗೆ ಇಳಿದಾಗಲೇ ಕಂಡಕ್ಟರನ್ನು ಕೇಳಿಟ್ಟುಕೊಳ್ಳಿ. ಸಂಜೆ ಕೇಳಲಿಕ್ಕೆ ಯಾರೂ ಸಿಗುವುದಿಲ್ಲ.

• ಕಡ್ಲೆಪುರಿ, ಬತ್ತಾಸು ಹೊರಡುವಾಗ ಕೊಳ್ಳಿ. ಮೊದಲೇ ಕೊಂಡರೆ ದಿನವೆಲ್ಲ ಆ ಮೂಟೆ ಹೊರಬೇಕು, ಬತ್ತಾಸೂ ಪುಡಿಯಾಗುತ್ತದೆ. ನಾಲ್ಕು ಪುರಿ ಬಾಯಿಗೆ ಹಾಕಿಕೊಂಡು ಗರಿಗರಿ ಇದೆಯೇ ನೋಡಿ, ಆಮೇಲೆ ಸೇರಿಗೆ ಅಳೆಸಿ. ಬಟ್ಟೆ ಚೀಲ ಮರೆಯಬೇಡಿ. ಮನೆಗೆ ಬರುವಷ್ಟರಲ್ಲಿ ಮೆತ್ತಗಾದರೆ ಬಾಣಲೆಯಲ್ಲಿ ಬೆಚ್ಚಗೆ ಮಾಡಿ, ಮತ್ತೆ ಗರಿಯಾಗುತ್ತದೆ. ತೇರಿಗೆ ಬರಲಾಗದೆ ಉಳಿದ ಪಕ್ಕದ ಮನೆಯ ಅಜ್ಜಿಗೂ ಒಂದು ಪೊಟ್ಟಣ ತನ್ನಿ, ಪ್ರಸಾದದ ಹೂವಿನ ಜೊತೆ ಅವತ್ತೇ ರಾತ್ರಿ ಕೊಟ್ಟುಬಿಡಿ.