ಫೇಟಿಯಾ ಬಾಡಿಗೆಗೆ ಸಿಕ್ಕೀತು, ಹಾಡು?

ಚಿ. ಕವಿತಾಳಿಗೆ ನೀಲಗುಂದದಿಂದ ನಿನ್ನ ಅಜ್ಜನ ಆಶೀರ್ವಾದಗಳು. ಮೆಕ್ಕೆಜೋಳ ಮುರಿಯುವುದು ಮುಗಿಯುತ್ತ ಬಂತು.

ಕಾಲೇಜು ಹಬ್ಬದಲ್ಲಿ ಫೇಟಿಯಾ ಲಂಗ, ಕಾಂಚಳಿ ರವಿಕೆ ತೊಟ್ಟು ಕುಣಿದ ವಿಡಿಯೋ ನೋಡಿದೆವು. ಬಳೆ ಕಡಿಮೆಯಾಯಿತು ಅಂದಳು ನಿನ್ನ ಅಜ್ಜಿ. ನನಗೆ ಕಂಡ ಕೊರತೆ ಬೇರೆ. ಉಡುಪು ನಮ್ಮ ಲಂಬಾಣಿಗಳದು, ಹಿಂದೆ ಮೊಳಗಿದ್ದು ಸಿನಿಮಾ ಹಾಡು. ನಮ್ಮ ಸಂತ ಸೇವಾಲಾಲ್ ಜಯಂತಿಯ ಮೆರವಣಿಗೆಯಲ್ಲೂ ಈಗ ಡಿಜೆಯದೇ ದರ್ಬಾರು ಬಿಡು.

ನಮ್ಮೂರ ಭೀಮೇಶ್ವರ ಗುಡಿಗೆ ಬಂದವರು ಕಲ್ಲು ನೋಡಿಯೇ ಚಾಲುಕ್ಯರ ಕಾಲದ್ದು ಎನ್ನುತ್ತಾರೆ. ಎತ್ತಿನ ಮೇಲೆ ಉಪ್ಪು, ದವಸ ಹೇರಿಕೊಂಡು ದೇಶ ತಿರುಗಿದ ನಮ್ಮ ಹಿರಿಯರು ಕಲ್ಲು ಕೆತ್ತಿಸಲಿಲ್ಲ. ಅವರು ಬಿಟ್ಟುಹೋದದ್ದು ಹೆಂಗಸರ ಬಾಯಲ್ಲಿದೆ. ದೀಪಾವಳಿ ಅಮಾವಾಸ್ಯೆ ರಾತ್ರಿ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಹೋಗಿ ಹಾಡುವ ಮೇರಾ, ಹೋಳಿಯ ಲೇಂಗಿ, ಎಲ್ಲಕ್ಕಿಂತ ಕಷ್ಟದ್ದು ಢಾವಲೋ. ಮದುವಣಗಿತ್ತಿ ಬಳಗದವರನ್ನು ಒಬ್ಬೊಬ್ಬರಾಗಿ ತಬ್ಬಿಕೊಂಡು ಅಳುತ್ತಲೇ ಹಾಡಬೇಕು. ಅತ್ತರೂ ರಾಗ ತಪ್ಪಬಾರದು! ಅದಕ್ಕೇ ಮದುವೆಗೆ ಮುಂಚೆ ಮುದುಕಿಯರು ಕೂರಿಸಿಕೊಂಡು ಕಲಿಸುತ್ತಿದ್ದರು. ಈಗ ಅರ್ಧ ತಾಂಡಾ ಕಬ್ಬು ಕಡಿಯಲು ಗುಳೆ ಹೋದರೆ ಕಲಿಸುವವರ್ಯಾರು, ಕೂರುವವರ್ಯಾರು?

ರಿಟೈರಾದ ಮೇಷ್ಟ್ರಿಗೆ ಓದುವುದೇ ಕೆಲಸ. ಹಾಡಿನ ಈ ಚಿಂತೆಯಲ್ಲೇ ಮೊನ್ನೆ ಉತ್ತರ ಆಫ್ರಿಕಾದ ಬರ್ಬರರ ಬಗ್ಗೆ ಓದಿದೆ. ತಮ್ಮನ್ನು ಅವರು ಅಮಾಜಿಗ್ ಎಂದು ಕರೆದುಕೊಳ್ಳುತ್ತಾರೆ. ಆಲ್ಜೀರಿಯಾದಲ್ಲಿ ಇದಿರ್ ಎಂಬ ಹುಡುಗ, ಓದಿದ್ದು ಭೂವಿಜ್ಞಾನ, 1970ರ ದಶಕದಲ್ಲಿ ತನ್ನ ಗುಡ್ಡಗಾಡಿನ ಅಜ್ಜಿಕತೆಯನ್ನು ಗಿಟಾರಿಗೆ ಹೊಂದಿಸಿ 'ಅ ವಾವಾ ಇನೂವಾ' ಹಾಡಿದ. ಅದು ಕಡಲು ದಾಟಿ ಪ್ಯಾರಿಸ್ಸಿಗೂ ಹೋಯಿತು. 1980ರಲ್ಲಿ ಮೌಲೂದ್ ಮಮ್ಮೇರಿ ಎಂಬ ಲೇಖಕ ತನ್ನ ಜನರ ಹಳೆಯ ಕಾವ್ಯದ ಬಗ್ಗೆ ಉಪನ್ಯಾಸ ಕೊಡಲು ಹೊರಟರೆ ಸರಕಾರ ತಡೆಯಿತು. ಜನ ಬೀದಿಗಿಳಿದರು. ಬರೀ ಕಾವ್ಯದ ಉಪನ್ಯಾಸಕ್ಕಾಗಿ, ನೋಡು! ಅವರ ಭಾಷೆಗೆ ಆ ದೇಶದ ಸಂವಿಧಾನದಲ್ಲಿ ಅಧಿಕೃತ ಸ್ಥಾನ ಸಿಕ್ಕಿದ್ದು 2016ರಲ್ಲಿ.

ನಮ್ಮ ಮೇರಾ, ಢಾವಲೋಗಳನ್ನು ಯಾರೂ ನಿಷೇಧಿಸಿಲ್ಲ. ನಾವೇ ಬಿಡುತ್ತಿದ್ದೇವೆ.

ನಮ್ಮ ಮನೆಮಾತು ಗೋರ್‌ಬೋಲಿಗೆ ಲಿಪಿ ಇಲ್ಲವಲ್ಲ ಅಂತ ನೀನು ಒಮ್ಮೆ ಸಪ್ಪಗಾಗಿದ್ದೆ. ಮಹಾರಾಷ್ಟ್ರದವರು ದೇವನಾಗರಿಯಲ್ಲಿ, ತೆಲಂಗಾಣದವರು ತೆಲುಗಿನಲ್ಲಿ ಬರೆದುಕೊಳ್ಳುತ್ತಾರೆ. ನಮಗೆ ಕನ್ನಡದ ಅಕ್ಷರ ಸಾಕು. ಗೋರ್‌ಬೋಲಿಯಲ್ಲಿ ಕೇಳಿದ ಹಾಡನ್ನು ಹಾಗೇ ಬರೆ, ತಿದ್ದಿ ಚಂದ ಮಾಡಲು ಹೋಗಬೇಡ. ಯಾರು ಹಾಡಿದರು, ಯಾವ ಸಂದರ್ಭಕ್ಕೆ ಎಂಬುದನ್ನೂ ಪಕ್ಕದಲ್ಲಿ ಗುರುತು ಹಾಕಿಕೋ. ಆಮೇಲೆ ಬೇಕಾದರೆ ಬೆಂಗಳೂರಿನ ನಿನ್ನ ಪಿಜಿ, ಸಿಟಿ ಬಸ್ಸಿನ ಮೇಲೂ ಒಂದು ಹಾಡು ಕಟ್ಟು. ಇದಿರ್ ಗಿಟಾರು ಹಿಡಿದಾಗ ಅವನ ಅಜ್ಜಿಯರು ಏನಂದರೋ, ನಾನಂತೂ ಬೇಡ ಅನ್ನುವುದಿಲ್ಲ.

ದೀಪಾವಳಿಗೆ ಎರಡು ದಿನ ಮುಂಚೆಯೇ ಬಾ. ಢಾವಲೋ ರೆಕಾರ್ಡ್ ಮಾಡೋಣ ಅಂದರೆ ನಿನ್ನ ಅಜ್ಜಿ, ಮದುವೆಯಿಲ್ಲದ ಮನೆಯಲ್ಲಿ ಅದನ್ನು ಹಾಡಬಾರದು ಅಂತ ತಕರಾರು ತೆಗೆದಿದ್ದಾಳೆ. ನನ್ನ ಮಾತು ಆಕೆ ಕೇಳುವುದಿಲ್ಲ. ನೀನೇ ಬಂದು ಒಪ್ಪಿಸು.

ಇಂತಿ,
ನಿನ್ನ ಅಜ್ಜ