ಸ್ಕಿಮ್ಮರ್ ಕೆಟ್ಟಿತು ಅನ್ನುವ ಮುನ್ನ

ನೊರೆ ಬಟ್ಟಲು ಖಾಲಿ ಇದೆ ಅಂತ ಕೂಡಲೇ ಹೊಸ ಸ್ಕಿಮ್ಮರ್‌ಗೆ ಆರ್ಡರ್ ಹಾಕಬೇಡ ತಮ್ಮಾ. ಆಳಂದ, ಅಫಜಲಪುರ, ಜೇವರ್ಗಿಯಂಥ ಊರಲ್ಲಿ ಸಮುದ್ರದ ಮೀನು ಸಾಕುವುದೆಂದರೆ ಸಮುದ್ರವನ್ನೇ ಮನೆಯೊಳಗೆ ತಯಾರಿಸಿ ಇಟ್ಟುಕೊಂಡ ಹಾಗೆ. ಉಪ್ಪೂ ಹೊರಗಿನದು, ಮೀನೂ ಹೊರಗಿನದು, ಯಂತ್ರವೂ ಹೊರಗಿನದು. ಆದರೆ ಆ ಯಂತ್ರ ಉಸಿರಾಡುವ ಗಾಳಿ ನಮ್ಮೂರಿನದು, ಅದನ್ನು ತಿರುಗಿಸುವ ಕರೆಂಟೂ ನಮ್ಮೂರಿನದು. ತೊಂದರೆ ಹೆಚ್ಚಾಗಿ ಹುಟ್ಟುವುದು ಈ ಎರಡರಲ್ಲೇ. ಕಡಲೂರಿನವರಿಗಾಗಿ ಬರೆದ ಕೈಪಿಡಿಯಲ್ಲಿ ಇದು ಸಿಗುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಸ್ಕಿಮ್ಮರ್ ಮಾಡುವ ಕೆಲಸವನ್ನು ನಮ್ಮ ಕಡೆಯ ಅಡುಗೆಮನೆಯಲ್ಲೇ ನೋಡಬಹುದು. ತೊಗರಿಬೇಳೆ ಕುದಿಯುವಾಗ ಮೇಲೆ ನೊರೆ ಕಟ್ಟುತ್ತದಲ್ಲ, ಅದನ್ನು ಸೌಟಿನಿಂದ ತೆಗೆದು ಚೆಲ್ಲಿದಂತೆಯೇ ಇದು. ಮೀನಿನ ಮಲ, ತಿಂದು ಉಳಿದ ಆಹಾರ, ಕೊಳೆತ ಪಾಚಿ ಇವುಗಳಿಂದ ನೀರಿಗಿಳಿಯುವ ಪ್ರೋಟೀನು, ಜಿಡ್ಡು ಗಾಳಿಗುಳ್ಳೆಯ ಮೈಗೆ ಅಂಟಿಕೊಳ್ಳುತ್ತವೆ. ಗುಳ್ಳೆ ಮೇಲೇರಿ ನೊರೆಯಾಗುತ್ತದೆ, ನೊರೆ ಕುತ್ತಿಗೆ ಹತ್ತಿ ಬಟ್ಟಲಿಗೆ ಬೀಳುತ್ತದೆ. ಕೊಳೆ ಅಮೋನಿಯ ಆಗುವ ಮೊದಲೇ ನೀರಿನಿಂದ ಹೊರಗೆ ಬಂತು. ಗುಳ್ಳೆ ಸಣ್ಣದಾದಷ್ಟೂ ಅಂಟುವ ಜಾಗ ಹೆಚ್ಚು. ಉಪ್ಪುನೀರಿನಲ್ಲಿ ಗುಳ್ಳೆಗಳು ಒಂದರೊಳಗೊಂದು ಸುಲಭವಾಗಿ ಸೇರುವುದಿಲ್ಲ, ಹಾಗಾಗಿ ಹಾಲಿನಂಥ ಬಿಳುಪು ಬರುತ್ತದೆ. ಸೊನ್ನದ ಬ್ಯಾರೇಜಿನಲ್ಲಿ ಗೇಟಿನಿಂದ ಧುಮುಕುವ ಭೀಮಾ ನೀರನ್ನು ನೋಡಿದ್ದೀಯಲ್ಲ, ಅದು ಸಿಹಿನೀರು, ಅಲ್ಲಿ ಗುಳ್ಳೆ ದಪ್ಪಗಾಗಿ ಬೇಗ ಒಡೆದು ಹೋಗುತ್ತದೆ. ಅದಕ್ಕೇ ಸ್ಕಿಮ್ಮರನ್ನು ಬೋರಿನ ನೀರಿನ ಬಕೆಟ್‌ನಲ್ಲಿಟ್ಟು ಪರೀಕ್ಷೆ ಮಾಡಿ, ನೊರೆ ಬರಲಿಲ್ಲವೆಂದು ಕೆಟ್ಟಿದೆ ಅಂತ ತೀರ್ಮಾನಿಸಬೇಡ. ಪರೀಕ್ಷೆ ಏನಿದ್ದರೂ ಉಪ್ಪುನೀರಿನಲ್ಲೇ ಆಗಲಿ.

ಯಂತ್ರ ಬಿಚ್ಚುವ ಮೊದಲು ಮೀನಿನ ಕಡೆ ನೋಡು. ಸ್ಕಿಮ್ಮರ್ ಕೊಳೆ ತೆಗೆಯುವುದರ ಜೊತೆಗೆ ನೀರಿಗೆ ಆಮ್ಲಜನಕವನ್ನೂ ಬೆರೆಸುತ್ತಿರುತ್ತದೆ. ಎರಡು ದಿನ ಕೊಳೆ ತೆಗೆಯದಿದ್ದರೆ ಮೀನು ತಾಳಿಕೊಂಡೀತು, ಉಸಿರು ನಿಂತರೆ ತಾಳದು. ಸಮುದ್ರದ ನೀರು 25 ಡಿಗ್ರಿಯಲ್ಲಿ ಲೀಟರಿಗೆ ಹೆಚ್ಚೆಂದರೆ 6.8 ಮಿಲಿಗ್ರಾಂನಷ್ಟು ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ, 30 ಡಿಗ್ರಿಗೆ ಅದು 6.2ರ ಆಸುಪಾಸಿಗೆ ಇಳಿಯುತ್ತದೆ. ಹೊರಗೆ 42, 43 ಡಿಗ್ರಿ ಸುಡುವ ನಮ್ಮ ಮೇ ತಿಂಗಳಲ್ಲಿ ತೊಟ್ಟಿಯ ನೀರು ಯಾವ ಕಡೆ ಹೋಗುತ್ತದೆಂದು ಬೇರೆ ಹೇಳಬೇಕಿಲ್ಲ. ಮೀನು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಬ್ಯಾಟರಿಯ ಗಾಳಿ ಪಂಪಿಗೆ ಗಾಳಿಕಲ್ಲು ಸಿಕ್ಕಿಸಿ ಆ ಕಲ್ಲನ್ನು ನೀರಿಗಿಳಿಸು, ಒಂದು ಟೇಬಲ್ ಫ್ಯಾನನ್ನು ನೀರಿನ ಮೇಲ್ಮೈಗೆ ತಿರುಗಿಸು. ನಮ್ಮ ಒಣ ಹವೆಯಲ್ಲಿ ಫ್ಯಾನಿನ ಗಾಳಿಗೇ ನೀರು ಚೆನ್ನಾಗಿ ತಣಿಯುತ್ತದೆ, ಮಂಗಳೂರಿನ ತೇವದಲ್ಲಿ ಈ ಅನುಕೂಲ ಇಷ್ಟಿಲ್ಲ. ರಿಪೇರಿ ಇದಾದ ಮೇಲೆ.

ಇನ್ನೊಂದು ಮಾತು, ಇದರಲ್ಲಿ ಸಲಿಗೆ ಬೇಡ. ಪ್ಲಗ್ ಕೀಳದೆ ತೊಟ್ಟಿಯ ನೀರಿಗೆ ಕೈ ಹಾಕಬೇಡ, ಸ್ವಿಚ್ ಆರಿಸಿದರೆ ಸಾಲದು. ಉಪ್ಪುನೀರು ಕರೆಂಟನ್ನು ಬಲು ಸಲೀಸಾಗಿ ಒಯ್ಯುತ್ತದೆ. ಸೋರಿಕೆಯಾದ ಕೂಡಲೇ ಲೈನು ಕತ್ತರಿಸುವ ಆರ್‌ಸಿಸಿಬಿಯನ್ನು ಒಳ್ಳೆಯ ಎಲೆಕ್ಟ್ರಿಷಿಯನ್‌ನಿಂದ ಹಾಕಿಸಿಕೋ. ಮನೆಯಲ್ಲಿ ಮಕ್ಕಳಿದ್ದಾರೆ.

ಮೊದಲು ಗಾಳಿಯ ದಾರಿ ನೋಡು. ಸ್ಕಿಮ್ಮರ್ ನಡೆಯುತ್ತಿರುವಾಗ ಗಾಳಿ ಒಳಗೆ ಹೋಗುವ ಸಣ್ಣ ನಳಿಕೆಯ ಬಾಯಿಗೆ ಬೆರಳಿಡು. ಜೋರಾಗಿ ಎಳೆಯಬೇಕು. ಎಳೆತ ಸಪ್ಪಗಿದ್ದರೆ ದಾರಿ ಎಲ್ಲೋ ಕಟ್ಟಿದೆ ಎಂದು ತಿಳಿ. ಗಾಳಿ ನೀರಿಗೆ ಸೇರುವ ಕಿಂಡಿಯಲ್ಲಿ ಹನಿ ಚಿಮ್ಮಿ ಒಣಗಿ ಉಪ್ಪು ಗಟ್ಟಿಯಾಗಿ ಕೂರುತ್ತದೆ, ನಮ್ಮ ಒಣ ಗಾಳಿಯಲ್ಲಿ ಇನ್ನೂ ಬೇಗ. ನಳಿಕೆ ಬಿಚ್ಚಿ ಉಗುರುಬೆಚ್ಚಗಿನ ಸಿಹಿನೀರು ಹಾಯಿಸು, ಉಪ್ಪು ಕರಗಿ ಹೋಗುತ್ತದೆ. ಸೂಜಿಯಿಂದ ಕೆರೆಯಬೇಡ, ಕಿಂಡಿ ದೊಡ್ಡದಾದರೆ ಗುಳ್ಳೆಯ ಅಳತೆಯೇ ಕೆಡುತ್ತದೆ. ನಳಿಕೆಯ ತುದಿಯಲ್ಲಿ ಸದ್ದು ತಡೆಯುವ ಡಬ್ಬಿ, ಅದರೊಳಗೆ ಸ್ಪಂಜು ಇದ್ದರೆ ಅದನ್ನೂ ತೊಳೆ. ಪುಷ್ಯದ ಹೊತ್ತಿಗೆ ತೊಗರಿ ರಾಶಿ ನಡೆಯುವಾಗ ಏಳುವ ಹೊಟ್ಟು, ಎರೆಮಣ್ಣಿನ ಧೂಳು ಆ ಸ್ಪಂಜಿನಲ್ಲಿ ಕೂತು ತೇವದೊಡನೆ ಗಟ್ಟಿಯಾಗಿಬಿಡುತ್ತದೆ.

ಗಾಳಿಯಲ್ಲಿ ಕಣ್ಣಿಗೆ ಕಾಣದ್ದೂ ಬರುತ್ತದೆ. ಸ್ಕಿಮ್ಮರ್ ಗಂಟೆಗೆ ನೂರಾರು ಲೀಟರ್ ಗಾಳಿ ಎಳೆದು ನೀರಿಗೆ ಬೆರೆಸುತ್ತದೆ. ಆ ಕೋಣೆಯಲ್ಲಿ ಸೊಳ್ಳೆ ಬತ್ತಿ ಹಚ್ಚಿದರೆ, ಜಿರಳೆಗೆ ಸ್ಪ್ರೇ ಹೊಡೆದರೆ, ಗೋಡೆಗೆ ಬಣ್ಣ ಬಳಿದರೆ ಅದೆಲ್ಲ ನೀರಿಗೇ ಸೇರುತ್ತದೆ. ತೊಗರಿ ಹೂವು ಕಾಯಿ ಹಿಡಿಯುವ ದಿನಗಳಲ್ಲಿ ಕಾಯಿಕೊರಕಕ್ಕೆ ಔಷಧ ಹೊಡೆಯುತ್ತಾರೆ. ಹೊಲದ ಪಕ್ಕದ ಮನೆಯಾದರೆ ಆ ಹೊತ್ತು ಕಿಟಕಿ ಮುಚ್ಚು. ಹುಳು ಕೊಲ್ಲುವ ಔಷಧ ಸಿಗಡಿಯನ್ನು ಬಿಡುವುದಿಲ್ಲ, ಸಿಗಡಿಯೂ ಏಡಿಯೂ ಆ ಹುಳುವಿನ ದೂರದ ನೆಂಟರೇ.

ಗಾಳಿ ಸರಿಯಿದ್ದೂ ನೊರೆ ಇಲ್ಲವೆಂದರೆ ನೀರಿನ ಮಟ್ಟ ನೋಡು. ಪ್ರತಿ ಸ್ಕಿಮ್ಮರಿಗೂ ಅದು ನಿಲ್ಲುವ ಕೆಳತೊಟ್ಟಿಯಲ್ಲಿ, ಅಂದರೆ ಮೀನಿನ ತೊಟ್ಟಿಯ ಕೆಳಗಿನ ಸಂಪಿನಲ್ಲಿ, ಇಂತಿಷ್ಟು ಆಳ ಅಂತ ಇರುತ್ತದೆ. ಬಹಳಷ್ಟಕ್ಕೆ ಅದು 15ರಿಂದ 25 ಸೆಂಟಿಮೀಟರ್ ಒಳಗೆ, ಡಬ್ಬಿಯ ಮೇಲೆ ಬರೆದಿರುತ್ತಾರೆ. ಬೇಸಿಗೆಯಲ್ಲಿ ನೀರು ಆರುವ ವೇಗಕ್ಕೆ ಬೆಳಗಿನ ಮಟ್ಟ ಸಂಜೆಗೆ ಇರುವುದಿಲ್ಲ. ಮಟ್ಟ ಇಳಿದರೆ ನೊರೆ ಕುತ್ತಿಗೆ ತಲುಪುವುದಿಲ್ಲ. ನೀನು ಸಂಜೆ ನೊರೆಯ ಎತ್ತರ ಹೊಂದಿಸುವ ಗುಂಡಿ ತಿರುಗಿಸಿ ನೊರೆ ಏರಿಸುತ್ತೀಯ, ರಾತ್ರಿ ಯಾರೋ ನೀರು ಸುರಿಯುತ್ತಾರೆ, ಬೆಳಗ್ಗೆ ಬಟ್ಟಲು ತುಂಬಿ ನೆಲಕ್ಕೆ ಹರಿದಿರುತ್ತದೆ. ಇದರಲ್ಲಿ ಯಂತ್ರದ ತಪ್ಪಿಲ್ಲ. ಕೆಳತೊಟ್ಟಿಯಲ್ಲಿ ಅಡ್ಡ ಗಾಜು ಹಾಕಿ ಮಟ್ಟ ಬದಲಾಗದಂತೆ ಮಾಡಿದ ಖಾನೆಯಲ್ಲಿ ಸ್ಕಿಮ್ಮರನ್ನು ನಿಲ್ಲಿಸು. ಆರಿದ ನೀರಿಗೆ ಉಪ್ಪಿಲ್ಲದ ಆರ್‌ಒ ನೀರನ್ನೇ ತುಂಬು, ಆರಿಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿದಿರುತ್ತದೆ. ಸಾಂದ್ರತೆ 1.025ರ ಆಸುಪಾಸಿನಲ್ಲಿ ನಿಲ್ಲಬೇಕು.

ಆರ್‌ಒ ಅಂದೆನಲ್ಲ, ಕುಡಿಯುವ ನೀರಿನ ಯಂತ್ರಗಳಲ್ಲಿ ರುಚಿಗೆಂದು ಸ್ವಲ್ಪ ಬೋರಿನ ನೀರನ್ನೇ ಮರಳಿ ಬೆರೆಸುವ ವ್ಯವಸ್ಥೆ ಇರುತ್ತದೆ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಇಟ್ಟು ನೋಡು. ಸೊನ್ನೆಯ ಹತ್ತಿರ ತೋರಿಸಬೇಕು. ನೂರು ತೋರಿಸುವ ನೀರನ್ನು ದಿನವೂ ಸುರಿದರೆ ನಮ್ಮ ನೆಲದ ಸುಣ್ಣವೆಲ್ಲ ತೊಟ್ಟಿಗೆ ಬಂತು. ಭೀಮಾ ತೀರ ಶಹಾಬಾದ್ ಕಲ್ಲಿನ ಸೀಮೆ ಎಂಬುದನ್ನು ಮರೆಯಬೇಡ.

ಕರೆಂಟಿನ ವಿಷಯಕ್ಕೆ ಬರುತ್ತೇನೆ. ಲೈಟು ಹೋದ ಕೂಡಲೇ ಮೇಲಿನ ತೊಟ್ಟಿಯ ಸ್ವಲ್ಪ ನೀರು ಕೆಳತೊಟ್ಟಿಗೆ ಇಳಿದು ಅಲ್ಲಿನ ಮಟ್ಟ ಏರುತ್ತದೆ. ಕರೆಂಟು ಬಂದಾಗ ಎಲ್ಲ ಪಂಪುಗಳೂ ಒಟ್ಟಿಗೇ ಎದ್ದರೆ ಸ್ಕಿಮ್ಮರ್ ಇನ್ನೂ ಆಳದಲ್ಲೇ ಇರುತ್ತದೆ. ಬಟ್ಟಲಲ್ಲಿ ಕೂಡಿಟ್ಟ ಕೊಳೆಯೆಲ್ಲ ಉಕ್ಕಿ ಮತ್ತೆ ನೀರಿಗೇ. ದಿನಕ್ಕೆ ನಾಲ್ಕು ಸಲ ಕರೆಂಟು ಹೋಗಿ ಬರುವ ಊರಿನಲ್ಲಿ ಸ್ಕಿಮ್ಮರ್ ಕೆಲಸ ಮಾಡಿಯೂ ಮಾಡದಂತಾಗುವುದು ಹೀಗೆಯೇ. ತಡವಾಗಿ ಚಾಲೂ ಆಗುವ ಟೈಮರ್ ಪ್ಲಗ್ ಸಿಗುತ್ತದೆ, ಸ್ಕಿಮ್ಮರಿಗೆ ಅದನ್ನು ಹಾಕಿ ಐದು ನಿಮಿಷ ಕಾಯುವಂತೆ ಮಾಡು. ನೀರು ಮೇಲಕ್ಕೆ ಹೋಗುವ ಪೈಪಿನಲ್ಲಿ, ಮೇಲಿನ ತೊಟ್ಟಿಯ ನೀರಿನ ಮಟ್ಟದ ತುಸುವೇ ಕೆಳಗೆ ಸಣ್ಣ ತೂತು ಇದ್ದರೆ ಹಿಂದೆ ಹರಿಯುವ ನೀರೂ ಕಡಿಮೆಯಾಗುತ್ತದೆ. ಆ ತೂತಿನಲ್ಲಿ ಪಾಚಿ ಕಟ್ಟದಂತೆ ನೋಡಿಕೊಳ್ಳಬೇಕು ಅಷ್ಟೇ.

ಇನ್ವರ್ಟರ್ ಮೇಲೆ ಪಂಪು ಗುಂಯ್ ಅಂತ ಸದ್ದು ಮಾಡಿ ತಿರುಗದೆ ಕೂತರೆ ಪಂಪನ್ನು ಬೈಯಬೇಡ. ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರ್ ಈ ಸಣ್ಣ ಮೋಟಾರುಗಳಿಗೆ ಹೊಂದುವುದಿಲ್ಲ, ಕಾಯಿಸಿ ಕೆಡಿಸುತ್ತದೆ. ಸೈನ್ ವೇವ್ ಬೇಕು. ವೋಲ್ಟೇಜ್ ಇಳಿದಾಗಲೂ ಅದೇ ಪಾಡು. ಕೆಲವು ಪಂಪುಗಳು ಕರೆಂಟು ಬಂದಾಗ ಉಲ್ಟಾ ತಿರುಗಲು ಶುರು ಮಾಡುವುದೂ ಉಂಟು. ಮೋಟಾರ್ ಓಡುತ್ತಿರುತ್ತದೆ, ಗುಳ್ಳೆ ಇರುವುದಿಲ್ಲ. ಆರಿಸಿ ಮತ್ತೆ ಹಾಕಿದರೆ ಸರಿಹೋಗುತ್ತದೆ. ಪದೇಪದೇ ಹಾಗಾದರೆ ಪಂಪಿನೊಳಗೆ ತಿರುಗುವ ಇಂಪೆಲ್ಲರ್ ಸವೆದಿರಬಹುದು, ಇಲ್ಲವೇ ಕಟ್ಟಿಕೊಂಡಿರಬಹುದು.

ಆಗ ಪಂಪು ಬಿಚ್ಚು. ಮುಳ್ಳುಮುಳ್ಳಾದ ಇಂಪೆಲ್ಲರ್ ಚಕ್ರದ ಮೇಲೆ, ಅದರ ಅಯಸ್ಕಾಂತ ಕೂರುವ ಕುಳಿಯಲ್ಲಿ ಬಿಳಿ ಸುಣ್ಣ ಕಟ್ಟಿರುತ್ತದೆ. ಸಮುದ್ರದ ನೀರಿನಲ್ಲೇ ಲೀಟರಿಗೆ 400 ಮಿಲಿಗ್ರಾಂ ಮೇಲೆ ಕ್ಯಾಲ್ಸಿಯಂ ಇರುತ್ತದೆ, ಪಂಪಿನ ಬಿಸಿಗೆ ಅದು ಅಲ್ಲೇ ಕೂರುತ್ತದೆ. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಕೆಲವು ಗಂಟೆ ನೆನೆಸು, ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆ. ಶೌಚಾಲಯ ತೊಳೆಯುವ ಆಸಿಡ್ ಹತ್ತಿರವೂ ತರಬೇಡ. ಪಿಂಗಾಣಿಯ ಸಣ್ಣ ಕಡ್ಡಿ ಒಡೆದಿದ್ದರೆ ಅಥವಾ ಅಯಸ್ಕಾಂತ ಉಬ್ಬಿ ಗೋಡೆಗೆ ತಾಗುತ್ತಿದ್ದರೆ ತೊಳೆದು ಪ್ರಯೋಜನವಿಲ್ಲ, ಆ ಭಾಗವನ್ನೇ ಬದಲಿಸಬೇಕು.

ತೊಳೆದ ಮೇಲೆ ಒಂದು ದಿನ ನೊರೆ ಏರದಿದ್ದರೆ ಅದು ರೋಗವಲ್ಲ. ಕುತ್ತಿಗೆಯ ಗೋಡೆಗೆ ಜಿಡ್ಡಿನ ತೆಳು ಪದರ ಮತ್ತೆ ಕೂತಮೇಲೆಯೇ ನೊರೆ ಅದನ್ನು ಹಿಡಿದು ಹತ್ತುತ್ತದೆ. ಹೊಸ ಸ್ಕಿಮ್ಮರ್ ಪಳಗಲು ಒಂದೆರಡು ವಾರವೂ ಹಿಡಿದೀತು. ಗುಂಡಿಯನ್ನು ಕೂದಲಷ್ಟು ತಿರುಗಿಸಿ ಒಂದು ದಿನ ಬಿಡು. ಗಂಟೆಗೊಮ್ಮೆ ತಿರುಗಿಸಿದರೆ ಯಾವುದರಿಂದ ಏನಾಯಿತೆಂದು ನಿನಗೇ ಗೊತ್ತಾಗುವುದಿಲ್ಲ.

ನೊರೆ ಹುಚ್ಚುಹೊಳೆಯಂತೆ ಉಕ್ಕಿದರೆ ಹಿಂದಿನ ದಿನ ನೀರಿಗೆ ಏನು ಬಿತ್ತೆಂದು ನೆನಪಿಸಿಕೋ. ಔಷಧ, ಕ್ಲೋರಿನ್ ತೆಗೆಯುವ ದ್ರಾವಣ, ಕಲ್ಲು ಅಂಟಿಸಿದ ಗೋಂದು, ಸಾಬೂನು ತೊಳೆಯದ ಕೈ, ಇಲ್ಲವೇ ಬಂಡೆಯ ಹಿಂದೆ ಸತ್ತ ಮೀನು. ಕೊನೆಯದ್ದನ್ನು ಮೊದಲು ಹುಡುಕು. ನೊರೆ ಏಕಾಏಕಿ ಕುಸಿದರೆ ಬೆಳ್ಳುಳ್ಳಿ ಅಥವಾ ಮೀನೆಣ್ಣೆ ಹಚ್ಚಿದ ಆಹಾರ ಹಾಕಿದ್ದೀಯಾ ನೋಡು, ಎಣ್ಣೆ ನೊರೆಯನ್ನು ಒಡೆಯುತ್ತದೆ, ಕೆಲವು ಗಂಟೆಗಳಲ್ಲಿ ತಾನೇ ಸರಿಯಾಗುತ್ತದೆ.

ಅಂಗಡಿಯವರು ಹವಳಕ್ಕೆ ಬೇಕೆಂದು ದೊಡ್ಡ ಸ್ಕಿಮ್ಮರ್ ಮಾರಲು ನೋಡುತ್ತಾರೆ. ಕಲ್ಲುಹವಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಅದನ್ನು ಮುಟ್ಟಬೇಡ. ಸಾಕಣೆಯಲ್ಲೇ ಹುಟ್ಟಿದ ಒಂದು ಜೋಡಿ ಕ್ಲೌನ್ ಮೀನಿಗೆ ಅಂಥ ದೈತ್ಯ ಯಂತ್ರ ಬೇಡವೇ ಬೇಡ. ತೊಟ್ಟಿಯ ಅಳತೆಗೆ ಮೀರಿದ ಸ್ಕಿಮ್ಮರಿಗೆ ಸಾಕಷ್ಟು ಕೊಳೆಯೇ ಸಿಗದೆ ನೊರೆ ಏರದು. ಅದನ್ನೂ ಜನ ಕೆಟ್ಟಿದೆ ಅಂತಲೇ ತಿಳಿಯುತ್ತಾರೆ.

ಇಷ್ಟಾದ ಮೇಲೂ ಸುಧಾರಿಸದಿದ್ದರೆ ಹೊಸ ಪಂಪು ತರಿಸು, ಸ್ಕಿಮ್ಮರಿನ ಒಡಲು ಹಾಗೇ ಇರಲಿ. ಅದು ಬರೀ ಪ್ಲಾಸ್ಟಿಕ್, ಬಿರುಕು ಬಿಡದ ಹೊರತು ಕೆಡುವುದಿಲ್ಲ. ಬಿಡಿಭಾಗ ಮುಂಬೈಯಿಂದಲೋ ಹೈದರಾಬಾದಿನಿಂದಲೋ ಕೊರಿಯರ್‌ನಲ್ಲಿ ಬರುವ ತನಕ ನಮ್ಮ ಬಿಸಿಲು ಕಾಯುವುದಿಲ್ಲ. ಒಂದು ಇಂಪೆಲ್ಲರ್, ಒಂದು ಗಾಳಿ ನಳಿಕೆ, ಬ್ಯಾಟರಿಯ ಗಾಳಿ ಪಂಪಿಗೆ ಸೆಲ್ಲು, ಇವನ್ನು ಶಿವರಾತ್ರಿಯೊಳಗೆ ತರಿಸಿ ತೊಟ್ಟಿಯ ಕೆಳಗಿನ ಖಾನೆಯಲ್ಲಿ ಇಟ್ಟುಕೋ.